ಸುಲೋಂಗ್ ಎಂಬವರ ಹಿಡುವಳಿ

ಲೂಬುಕ್ ರೆಂಗಸ್, ನಾನಿಂಗ್
ಹಿಜರಿ 1301, ಜಮಾದಿಲವ್ವಲ್ 9

ತಮ್ಮ ಜಿದಿನನಿಗೆ ಅಕ್ಕ ಇಂತಾನ್ ಹೇಳಿ ಬರೆಸಿದ್ದು.

ಮೂರು ವರ್ಷದ ಮೇಲೆ ಕಾಗದ ಬಂತೆಂದು ಹೆದರಬೇಡ. ಯಾರೂ ಸತ್ತಿಲ್ಲ. ಮಸೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಲೆಬೈ ಸಾಹಕರು ನಮ್ಮ ಜಗಲಿಯಲ್ಲಿ ಕೂತು, ನಾನು ಹೇಳಿದ್ದನ್ನು ಬರೆಯುತ್ತಿದ್ದಾರೆ. ಅದಕ್ಕೇ ನಿನ್ನನ್ನು ಬೈಯಬೇಕೆಂದಿದ್ದ ಮಾತುಗಳನ್ನೆಲ್ಲ ನುಂಗಿಕೊಂಡಿದ್ದೇನೆ. ತಾಯಿಯಿಂದ ಬರುವ ಬಳಿ, ಕುಲ ಏನೂ ಇಲ್ಲದ ಪೇಟೆಯ ಹುಡುಗಿಯನ್ನು ನೀನು ಮದುವೆಯಾದಾಗ ನಾನು ವೀಳ್ಯವನ್ನು ಹಿಂದಕ್ಕೆ ಕಳಿಸಿದ್ದು ನಿನಗೂ ಗೊತ್ತು, ಇವರಿಗೂ ಗೊತ್ತು, ಊರಿಗೂ ಗೊತ್ತು. ಆ ಮಾತು ಇವತ್ತು ಬೇಡ.

ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ನಿಮ್ಮ ಕಚೇರಿಯವರು ನೆಲ ಅಳೆಯಲು ಬಂದರು. ಒಬ್ಬ ಬಿಳಿ ದೊರೆ, ಒಬ್ಬ ಗುಮಾಸ್ತ, ಸರಪಳಿ ಎಳೆಯುವ ಆಳುಗಳು. ಮೂರು ಕಾಲಿನ ಮೇಲೆ ಹಿತ್ತಾಳೆಯ ಕೊಳವೆ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನಮ್ಮ ಅಂಗಳದ ರಂಬುಟಾನ್ ಮರದ ಬುಡಕ್ಕೆ ಒಂದು ಗೂಟ ಹೊಡೆದರು. ಎಮ್ಮೆ ಕಿತ್ತು ಹಾಕಿತು. ಮತ್ತೆ ಹೊಡೆದರು.

ಗುಮಾಸ್ತ ಮೆಟ್ಟಿಲ ಕೆಳಗೆ ನಿಂತು, "ಈ ಮನೆ ಯಾರದು?" ಎಂದು ಕೇಳಿದ.

"ನಂದು" ಎಂದೆ.

"ಅದಲ್ಲಮ್ಮಾ, ಯಜಮಾನರು ಯಾರು?"

"ನಾನೇ. ನಮ್ಮವ್ವಂದಾಗಿತ್ತು, ಅವಳ ಅವ್ವಂದಾಗಿತ್ತು. ನನ್ನ ಕಾಲ ಆದ ಮೇಲೆ ನನ್ನ ಮಗಳು ಕೆಲ್ಸುಮ್‌ದು."

ಅವನು ದೊರೆಗೆ ಏನೋ ಹೇಳಿದ. ದೊರೆ ನಕ್ಕ. ಕೆಟ್ಟ ನಗುವಲ್ಲ, ಚಂದಮಾಮ ತನ್ನದು ಎಂದ ಮಗುವನ್ನು ನೋಡಿ ನಗುವ ಹಾಗೆ. ಆಮೇಲೆ ಗುಮಾಸ್ತ ಅಂಗಳದ ಮೂಲೆಗೆ ಹೋದ. ಅಲ್ಲಿ ಕೆಲ್ಸುಮಳ ಅಪ್ಪ ಮೀನು ಹಿಡಿಯುವ ಕೂಳಿ ಹೆಣೆಯುತ್ತ ಕೂತಿದ್ದರು. "ನಿನ್ನ ಹೆಸರೇನಯ್ಯಾ?" ಎಂದ. ಇವರು ತಲೆಯೆತ್ತದೆ "ಸುಲೋಂಗ್" ಎಂದರು. ಬರೆದುಕೊಂಡು ಹೋದ.

ಈಗ ಮನೆ, ಗದ್ದೆ, ಗುಡ್ಡದ ತೋಟ ಎಲ್ಲ ಅವರ ಹೆಸರಿಗಂತೆ. ಊರಿನ ಹೆಂಗಸರು ಹಳ್ಳದಲ್ಲಿ ಬಟ್ಟೆ ಒಗೆಯುತ್ತ ನಗುತ್ತಿದ್ದಾರೆ. ಮನೆಗೆ ಬಂದ ಗಂಡ ಸುಟ್ಟ ಬೊಡ್ಡೆಯ ಮೇಲಿನ ಬೂದಿ, ಗಾಳಿ ಬಂದರೆ ಹಾರುತ್ತಾನೆ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆಯಲ್ಲ. ಅವರು ಬೇರೆ ಬಳಿಯವರು. ನಮ್ಮ ಬಳಿಯ ನೆಲ ಅವರ ಹೆಸರಿನಲ್ಲಿ ನಿಂತರೆ ನಾಳೆ ಏನು ಗತಿ? ನೀನು ಅದೇ ಕಚೇರಿಯಲ್ಲಿ ದುಭಾಷಿ. ಏನು ಮಾಡಬೇಕು ತಿಳಿಸು.

ನಿನ್ನ ಅಕ್ಕ
ಇಂತಾನ್


ಮಲಕ್ಕಾ
ಮಾರ್ಚ್ 21, 1884

ಅಕ್ಕನಿಗೆ ಜಿದಿನನ ಸಲಾಮು.

ಕಾಗದ ಬೆಳಿಗ್ಗೆ ಗಾಡಿಯವನ ಕೈಯಲ್ಲಿ ಬಂತು. ಮೇಲೆ ಲೆಬೈ ಅವರ ಅಕ್ಷರ ಕಂಡು, ಸಂಜೆಯವರೆಗೆ ಒಡೆಯುವ ಧೈರ್ಯವಾಗದೆ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಯಾರೂ ಸತ್ತಿಲ್ಲ ಎಂಬ ಮಾತನ್ನು ನೀನು ಹೊರಗಡೆಯೇ ಬರೆಸಬೇಕಿತ್ತು.

ಊರಿನಲ್ಲಿ ಬರೆದುಕೊಂಡದ್ದು ಕರಡು. ಅದನ್ನು ಇಲ್ಲಿ ದೊಡ್ಡ ಹಾಳೆಗೆ ಇಳಿಸುತ್ತಾರೆ. ಒಂದೊಂದು ತುಂಡು ನೆಲಕ್ಕೂ ಒಂದು ನಂಬರು, ಒಂದು ಹೆಸರು. ಬಳಿ ಎಂದರೆ ಇವರಿಗೆ ಅದು ಹೆಸರೇ ಅಲ್ಲ. ಇಂಗ್ಲಿಷಿನ ಕೆಳಗೆ ನಮ್ಮ ಲಿಪಿಯಲ್ಲಿ ಹೆಸರು ಬರೆಯುವ ಕೆಲಸ ನನ್ನದು. ಮೊನ್ನೆ ನಮ್ಮೂರಿನ ಹಾಳೆ ನನ್ನ ಮೇಜಿಗೇ ಬಂತು. ಊರು ಹದ್ದಿಗೆ ಹೇಗೆ ಕಾಣುತ್ತದೆಂದು ಮೊದಲ ಸಲ ನೋಡಿದೆ. ಹಳ್ಳ ಒಂದು ನೀಲಿ ದಾರ. ನಮ್ಮ ಮನೆ ಅಕ್ಕಿಕಾಳಿಗಿಂತ ಸಣ್ಣ ಕೆಂಪು ಚೌಕ. ಗುಡ್ಡದ ತೋಟಕ್ಕೆ ಹಸಿರು ಬಳಿದಿದ್ದಾರೆ. ಅಲ್ಲಿರುವ ಅವ್ವನ ಗೋರಿಯನ್ನು ಹಾಕಿಲ್ಲ. ಯಾಕೆ ಹಾಕಿಲ್ಲವೆಂದು ನಕ್ಷೆ ಬರೆಯುವವನನ್ನು ಕೇಳಿದೆ. "ಒಂದು ಗೋರಿಗೆಲ್ಲ ಜಾಗ ಎಲ್ಲಿದೆ ಮಾರಾಯ" ಎಂದ.

ನಿನ್ನ ವಿಷಯವನ್ನು ದೊರೆಯ ಹತ್ತಿರ ಎತ್ತಿದೆ.

"ಹೆಂಗಸಿನ ಹೆಸರು ಬರೀಬಹುದಾ, ದೊರೆ?"

"ವಿಧವೆಯಾ?"

"ಅಲ್ಲ."

"ಗಂಡ ಬಿಟ್ಟು ಹೋಗಿದಾನಾ?"

"ಇಲ್ಲ, ಜೊತೇಲೇ ಇದಾರೆ."

"ಮತ್ತೆ ತೊಂದ್ರೆ ಏನು?"

ಏನು ತೊಂದರೆಯೆಂದು ನನಗೆ ಅವನ ಭಾಷೆಯಲ್ಲಿ ಹೇಳಲು ಬರಲಿಲ್ಲ. ದುಭಾಷಿಯ ಸಂಬಳ ತಿನ್ನುವವನು ನಾನು.

ಅಕ್ಕಾ, ನನ್ನ ಮಾತು ಕೇಳುವುದಾದರೆ ಹಾಗೇ ಬಿಡು. ನನಗೆ ಈಜು ಕಲಿಸಿದ್ದು ಭಾವ. ನೀನು ಬೂದಿ ಎಂದೆಯಲ್ಲ, ಆ ಬೂದಿ ಇಪ್ಪತ್ತು ವರ್ಷದಿಂದ ಎಲ್ಲಿಗೂ ಹಾರಿಹೋಗಿಲ್ಲ.

ಜಿದಿನ


ಲೂಬುಕ್ ರೆಂಗಸ್
ಜಮಾದಿಲಾಖರ್ 12

ಜಿದಿನನಿಗೆ,

ನಿನ್ನ ಕಾಗದವನ್ನು ಲೆಬೈ ಅವರು ನಮ್ಮ ಬಳಿಯವರೆಲ್ಲರ ಎದುರಿಗೆ ಓದಿದರು. ಬೂದಿಯ ಮಾತನ್ನೂ ಓದಿದರು. ನಿನಗೆ ಬುದ್ಧಿ ಯಾವಾಗ ಬರುತ್ತದೋ.

ಸೋದರಮಾವ ಬಂದಿದ್ದರು. ಅವರು ಹೇಳಿದ್ದು ಇಷ್ಟು: "ನೆಲಕ್ಕೆ ಗಂಡಸಿನ ಹೆಸರೇ ಬೇಕು ಅಂದ್ರೆ ನಮ್ಮ ಬಳಿ ಗಂಡಸಿಂದೇ ಇರ್ಲಿ. ಜಿದಿನ ಪೇಟೆ ಸೇರಿದ್ರೂ ನಮ್ಮ ರಕ್ತ. ಹೆಸರು ಅವನದು, ನೆಲ ಇಂತಾನ್‌ದು. ಕಟ್ಟಳೆಗೂ ಕುಂದಿಲ್ಲ, ದೊರೆಗೂ ಕೋಪವಿಲ್ಲ." ಎಲ್ಲರೂ ಹೌದೆಂದು ತಲೆಯಾಡಿಸಿದರು. ಹಾಗಾಗಿ ನಿನ್ನ ಹೆಸರು ಹಾಕು. ಇದು ಕೇಳಿಕೆಯಲ್ಲ, ಬಳಿಯ ಮಾತು.

ಕೆಲ್ಸುಮಳ ಅಪ್ಪ ಅಲ್ಲೇ ಇದ್ದರು. ಸಭೆಗೆ ಅಡಕೆಯ ತಟ್ಟೆ ಹಿಡಿಯುವುದು ಮನೆಗೆ ಬಂದ ಅಳಿಯನ ಕೆಲಸವಲ್ಲವೇ. ಚಿಕ್ಕವ್ವ ಬುಲಾತ್ ತಟ್ಟೆಗೆ ಕೈ ಹಾಕುತ್ತ, "ಏನ್ ಸುಲೋಂಗಪ್ಪಾ, ನಾಳೆ ನಮ್ಮನ್ನೆಲ್ಲ ಮೆಟ್ಟಿಲಿಳಿಸ್ತೀಯೋ ಹೇಗೆ?" ಎಂದಳು. ಎಲ್ಲರೂ ನಕ್ಕರು. ಇವರೂ ನಕ್ಕು, "ಮೊದ್ಲು ಅಡಕೆ ತಗೊಳಿ, ಆಮೇಲೆ ನೋಡೋಣ" ಎಂದರು.

ಆಮೇಲೆ ನಾನೇ ಕೇಳಿದೆ. ಹಿಂದೆ ಮುಂದೆ ನೋಡದೆ ಎಲ್ಲರ ಎದುರಿಗೇ ಕೇಳಿದೆ. "ನಿಮ್ಮ ಹೆಸರು ತೆಗೆಸ್ತಿದೀವಿ. ನಿಮಗೇನಾದ್ರೂ ಹೇಳೋದಿದೆಯಾ?"

"ನಾನೇನು ಹೇಳ್ಲಿ ಇಂತಾನ್? ಹಾಕಿ ಅಂತ ನಾನು ಕೇಳಿರ್ಲಿಲ್ಲ. ತೆಗೀಬೇಡಿ ಅಂತ ಕೇಳೋಕೆ ನಾನು ಯಾರು?"

ತಟ್ಟೆಯನ್ನು ಮುಂದಿನವರಿಗೆ ಹಿಡಿದರು.

ಗಾಡಿಯವನ ಕೈಯಲ್ಲಿ ಹುಳಿಸಿದ ಡುರಿಯನ್ ಹಣ್ಣು ಒಂದು ಭರಣಿ ಕಳಿಸಿದ್ದೇನೆ. ನಿನ್ನ ಪೇಟೆಯ ಹೆಂಡತಿಗೆ ವಾಸನೆ ಆಗದಿದ್ದರೆ ಹಿತ್ತಿಲಲ್ಲಿ ಕೂತು ತಿನ್ನು.

ಇಂತಾನ್


ಮಲಕ್ಕಾ
ಮೇ 2, 1884

ಅಕ್ಕನಿಗೆ,

ಆಯಿತು. ಗುಮಾಸ್ತ ತಪ್ಪು ಬರೆದುಕೊಂಡಿದ್ದಾನೆ ಎಂದು ದೊರೆಗೆ ಸುಳ್ಳು ಹೇಳಿದೆ. ಅವನು ಪೆನ್ನು ಕೆಳಗಿಟ್ಟು, "ಭಾವನ ಹೆಸರು ಹೊಡೆದು ಭಾಮೈದನ ಹೆಸರಾ? ಮನೇಲಿ ಜಗಳವೋ?" ಎಂದು ಕೇಳಿದ. "ಜಗಳ ಏನಿಲ್ಲ ದೊರೆ, ಮನೆಯೋರೆಲ್ಲ ಒಪ್ಪಿದಾರೆ" ಎಂದೆ. ಕೆಂಪು ಶಾಯಿಯಲ್ಲಿ ಭಾವನ ಹೆಸರಿನ ಮೇಲೆ ಗೆರೆ ಎಳೆದ. ಕೆಳಗೆ ನನ್ನದು ಬರೆದ. ನಮ್ಮ ಲಿಪಿಯಲ್ಲಿ ನಾನೇ ಬರೆದುಕೊಂಡೆ. ನಂಬರು ನಲವತ್ತೇಳು, ಹಿಡುವಳಿದಾರ ಜಿದಿನ.

ನಿನಗೆ ಒಂದು ಮಾತು ಹೇಳಬೇಕು, ಲೆಬೈ ಅವರು ಇದನ್ನು ಮೆಲ್ಲನೆ ಓದಲಿ. ಶಾಯಿ ಒಣಗುವವರೆಗೆ ನಾನು ಆ ಹಾಳೆಯನ್ನು ಬಿಟ್ಟು ಏಳಲಿಲ್ಲ. ನಮ್ಮ ಗಂಡುಮಕ್ಕಳು ಅವ್ವನ ಮನೆಯಲ್ಲಿ ಹುಟ್ಟುತ್ತಾರೆ, ಹತ್ತು ವರ್ಷಕ್ಕೆ ಮಸೀದಿಯ ಜಗಲಿಯಲ್ಲಿ ಮಲಗುತ್ತಾರೆ, ಆಮೇಲೆ ಹೆಂಡತಿಯ ಮನೆಯಲ್ಲಿ ಮುದುಕರಾಗುತ್ತಾರೆ. ಇದು ನನ್ನದು ಎಂದು ಕಾಲು ಊರುವ ಜಾಗ ನನಗೆ ಯಾವತ್ತೂ ಇರಲಿಲ್ಲ. ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಅಷ್ಟೇ. ಬೇರೆ ಏನೂ ಇಲ್ಲ.

ನಿನ್ನ ಭರಣಿಯನ್ನು ಹೆಂಡತಿ ರೊಕಿಯಾ ನನಗೆ ಮುಟ್ಟಲು ಬಿಡದೆ ತಾನೇ ಮುಗಿಸಿದಳು. ಬಸುರಿಗೆ ಹುಳಿ ಬೇಕು. ಹೌದು, ಆರನೆಯ ತಿಂಗಳು.

ಹೇಗೋ ಸುದ್ದಿ ನನ್ನ ಮಾವ ಹಾಜಿ ಮನಾಫರ ಕಿವಿಗೂ ಬಿತ್ತು. ರಾತ್ರಿ ಊಟಕ್ಕೆ ನನ್ನ ಎಲೆಗೆ ಮೀನಿನ ನಡುತುಂಡು ತಾವೇ ಬಡಿಸಿ, "ಏನ್ ಅಳಿಯಂದಿರೇ, ಊರಲ್ಲಿ ಆಸ್ತಿ ಇದೆ ಅಂತ ಬಾಯೇ ಬಿಟ್ಟಿರ್ಲಿಲ್ಲ" ಎಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಜಿದಿನ


ಲೂಬುಕ್ ರೆಂಗಸ್
ಷಾಬಾನ್ 20

ಜಿದಿನನಿಗೆ ಅಕ್ಕನ ಹರಕೆ.

ಕಲ್ಲು ನೆಟ್ಟರು. ನಾಲ್ಕು ಮೂಲೆಗೂ ಕೆತ್ತಿದ ಕಲ್ಲು, ಅದರ ಮೇಲೆ ನಂಬರು. ಸೋದರಮಾವ ಬಂದು ಒಂದೊಂದು ಕಲ್ಲನ್ನೂ ಕಾಲಿಂದ ಒದ್ದು ನೋಡಿ, ಗಟ್ಟಿಯಾಗಿದೆ ಎಂದರು. ನನಗೆ ನಿದ್ದೆ ಬರುತ್ತಿದೆ ಈಗ. ಕೆಲ್ಸುಮ್‌ಗೆ ಒಂದು ಸಂಬಂಧ ಬಂದಿದೆ, ಹುಡುಗ ಮರಗೆಲಸದವನು, ಸಾಧು. ಉಪವಾಸದ ತಿಂಗಳು ಕಳೆಯಲಿ ಎಂದಿದ್ದೇನೆ.

ರೊಕಿಯಾಗೆ ಬಸುರಿಯರು ಸೊಂಟಕ್ಕೆ ಕಟ್ಟುವ ಬೇರು ಕಳಿಸಿದ್ದೇನೆ. ಹೆಸರು ಹಿಡಿದು ಬರೆಸಿದ್ದೇನೆಂದು ಅವಳಿಗೆ ಹೇಳು. ಇಲ್ಲಿ ಎಲ್ಲ ಕ್ಷೇಮ.

ಇಂತಾನ್

ಬರೆಯುವವನ ಮಾತು: ಜಿದಿನ್, ಇಂತಾನ್ ಒಳಗೆ ಹೋಗಿದ್ದಾಳೆ, ಇದು ನಾನಾಗಿ ಸೇರಿಸುತ್ತಿರುವುದು. ಸುಲೋಂಗ್ ಈ ಮನೆಯಲ್ಲಿಲ್ಲ. ಕಲ್ಲು ನೆಟ್ಟ ಮಾರನೆಯ ಬೆಳಿಗ್ಗೆ ತನ್ನ ಚಾಪೆ, ಕತ್ತಿ, ಎರಡು ಕೂಳಿ ತೆಗೆದುಕೊಂಡು ಹಳ್ಳದಾಚೆ ತನ್ನ ತಂಗಿಯ ಮನೆಗೆ ಹೋದ. ಜಗಳ ಆಗಲಿಲ್ಲ. ತಲಾಖೂ ಹೇಳಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಬೇಲಿ ಗಟ್ಟಿ ಆಯ್ತಲ್ಲ ಲೆಬೈ, ಕಾವಲು ಯಾಕೆ ಇನ್ನು" ಎಂದ. ಅವಳು ಇದನ್ನು ಯಾರ ಹತ್ತಿರವೂ ಆಡುವುದಿಲ್ಲ. ನೀನೂ ಗೊತ್ತಿಲ್ಲದವನ ಹಾಗೆ ಇರು. — ಸಾಹಕ್


ಮಲಕ್ಕಾ
ಆಗಸ್ಟ್ 4, 1884

ಅಕ್ಕನಿಗೆ,

ಗಂಡು ಮಗು. ಇಬ್ಬರೂ ಆರೋಗ್ಯ. ಮೊದಲು ಈ ಒಳ್ಳೆಯ ಸುದ್ದಿ ಹೇಳಿಬಿಟ್ಟೆ.

ಮಗು ಹುಟ್ಟಿದ ಏಳನೆಯ ದಿನ ತಲೆಗೂದಲು ತೆಗೆಸುವ ಶಾಸ್ತ್ರಕ್ಕೆ ಹಾಜಿಯವರು ನೆಂಟರನ್ನೆಲ್ಲ ಕರೆದಿದ್ದರು. ಮಗುವನ್ನು ಎತ್ತಿ ಹಿಡಿದು, "ನೋಡ್ರಪ್ಪಾ, ನಾನಿಂಗಿನ ಜಮೀನ್ದಾರ" ಎಂದರು. ಜನ ನಕ್ಕರು. ನಾನೂ ನಗಬೇಕಾಯಿತು. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಮರಗೆಣಸು ಬೆಳೆಸುವ ಒಬ್ಬ ಸಾಹುಕಾರ ಅವರ ಗೆಳೆಯ. ಅವನಿಗೆ ಗುಡ್ಡದ ನೆಲ ಬೇಕಂತೆ. ನಕ್ಷೆಯಲ್ಲಿ ನೋಡಿದ್ದಾನೆ, ಹಸಿರು ಬಳಿದಿದೆ, ಮೇಲೆ ಏನೂ ಇಲ್ಲ.

"ಅಲ್ಲಿ ನಮ್ಮವ್ವನ ಗೋರಿ ಇದೆ" ಎಂದೆ.

"ಒಂದು ಗೋರಿ ಬಿಟ್ಟು ಅಗೆದ್ರಾಯ್ತು."

"ಆ ನೆಲ ನಂದಲ್ಲ, ನಮ್ಮಕ್ಕಂದು."

"ಕಚೇರೀಲಿ ಹೆಸರು ಯಾರದಿದೆ?"

"ನಂದು. ಆದ್ರೆ ಅದು ಬರೀ ಹೆಸರು."

"ಅಳಿಯಂದಿರೇ, ಬರೀ ಹೆಸರು ಅಂತ ಒಂದಿರಲ್ಲ. ನಾಳೆ ನೀವು ಕಣ್ಣು ಮುಚ್ಚಿದ್ರೆ ಅದು ಈ ಮಗೂದು. ನಿಮ್ಮ ಅಕ್ಕನ ಮಗಳದಲ್ಲ."

ನಾನು ಒಪ್ಪಿಲ್ಲ ಅಕ್ಕಾ. ಒಪ್ಪುವುದೂ ಇಲ್ಲ. ಆದರೆ ನಾನು ಉಣ್ಣುವುದು ಅವರ ಮನೆಯಲ್ಲಿ, ಮಲಗುವುದು ಅವರ ಮನೆಯಲ್ಲಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದೇ ಮಾತು, ರಾತ್ರಿ ಅದೇ. ರೊಕಿಯಾ ಬಾಣಂತಿ, ಪರದೆಯ ಆಚೆಗೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಾಳೆ.

ಭಾವನಿಗೆ ನನ್ನ ಸಲಾಮು ತಿಳಿಸು.

ಜಿದಿನ


ಲೂಬುಕ್ ರೆಂಗಸ್
ಜುಲ್ಕಾದಾ 5

ಜಿದಿನ,

ನಿನ್ನ ಮಾವ ಬಂದಿದ್ದ. ಕುದುರೆಗಾಡಿಯಲ್ಲಿ, ಬಿಳಿ ಟೋಪಿ ಹಾಕಿಕೊಂಡು, ಜೊತೆಗೆ ಆ ಸಾಹುಕಾರ ಮತ್ತು ಗುದ್ದಲಿ ಹಿಡಿದ ನಾಲ್ವರು. ನೇರ ಗುಡ್ಡಕ್ಕೆ ಹತ್ತಿದರು. ಅವ್ವನ ಗೋರಿಯಿಂದ ಮಾರು ದೂರದಲ್ಲಿ ಮಣ್ಣು ಅಗೆದು ಮೂಸಿ ನೋಡುತ್ತಿದ್ದರು. ನಾನು ಒನಕೆ ಹಿಡಿದೇ ಓಡಿದೆ.

"ಯಾರಪ್ಪಣೆ ಮೇಲೆ ಅಗೀತೀರಿ?"

"ನನ್ನ ಅಳಿಯನ ನೆಲಾಮ್ಮಾ. ನೀವು ಯಾರು?"

ನಾನು ಯಾರು. ಅವ್ವನ ಗೋರಿಯ ಪಕ್ಕ ನಿಂತು ನನಗೆ ಆ ಮಾತು ಕೇಳಬೇಕಾಯಿತು.

ಸೋದರಮಾವ ಹುಡುಗರನ್ನು ಕರೆದುಕೊಂಡು ಬಂದ ಮೇಲೆ ಅವರು ಇಳಿದು ಹೋದರು. ಹೋಗುವಾಗ ನಿನ್ನ ಮಾವ ಹೇಳಿದ: "ಇವತ್ತು ಹೋಗ್ತೀವಿ. ಜಿದಿನ್ ಕೈಯಲ್ಲಿ ಕಾಗದ ಬರೆಸಿಕೊಂಡು, ಪೊಲೀಸನ ಜೊತೆ ಬರ್ತೀವಿ."

ನಾನೀಗ ನನ್ನ ಮನೆಯಲ್ಲೇ ಬಿಡಾರದವಳು. ಕೆಲ್ಸುಮಳ ಸಂಬಂಧದವರು, ನೆಲದ ತಕರಾರು ಮುಗಿಯಲಿ ಎಂದು ಹೇಳಿ ಕಳಿಸಿದ್ದಾರೆ. ಕಳ್ಳನಿಗೆ ಕೀಲಿಕೈ ಕೊಟ್ಟು ಮಲಗಿದೆನೆಂದು ಊರು ಆಡಿಕೊಳ್ಳುತ್ತಿದೆ. ಕಳ್ಳ ಎಂಬುದನ್ನು ಬರೆಯುವುದು ಬೇಡವೆಂದು ಲೆಬೈ ಹೇಳಿದರು. ಬರೆಯಿರಿ ಎಂದೆ.

ಇಂತಾನ್


ಮಲಕ್ಕಾ
ಸೆಪ್ಟೆಂಬರ್ 19, 1884

ಅಕ್ಕಾ,

ನೀನು ಬರೆಸಿದ ಮಾತನ್ನು ನಾನು ವಾಪಸ್ಸು ತಗೋ ಎನ್ನುವುದಿಲ್ಲ.

ಹಾಜಿಯವರ ಮನೆ ಬಿಟ್ಟು ಬಂದಿದ್ದೇನೆ. ಸರಪಳಿ ಎಳೆಯುವವರ ಗುಡಿಸಲಿನಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ. ಹೊರಡುವಾಗ ರೊಕಿಯಾಳನ್ನು ಕರೆದೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಬರ್ತೀನಿ. ಎಲ್ಲಿಗೆ ಅಂತ ಹೇಳಿ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನಿನ್ನ ಮನೆಗೆ ಬಳಿಯಿಲ್ಲದವಳನ್ನು ಕರೆತರುವಂತಿಲ್ಲ. ಗುಡಿಸಲಿನಲ್ಲಿ ಹನ್ನೊಂದು ಗಂಡಸರು.

ಮಾರನೆಯ ದಿನ ದೊರೆಯ ಮುಂದೆ ನಿಂತು, ಆ ನೆಲವನ್ನು ಅಕ್ಕನಿಗೆ ಬಿಟ್ಟುಕೊಡುತ್ತೇನೆ ಎಂದೆ. ಗಂಡ ಬದುಕಿರುವ ಹೆಂಗಸಿಗೆ ಕೊಡಲಾಗದು ಎಂದ. ಸೋದರಮಾವನಿಗೆ ಎಂದೆ. ಅದು ಮಾರಾಟವಾಗುತ್ತದೆ, ಮಾರಾಟಕ್ಕೆ ಡಂಗುರ ಹೊಡೆಸಬೇಕು, ಯಾರು ಬೇಕಾದರೂ ಬಂದು ಕೂಗಬಹುದು ಎಂದ. ಹಾಜಿಯವರ ಗೆಳೆಯ ಮೊದಲ ಸಾಲಿನಲ್ಲಿ ಕೂತಿರುತ್ತಾನೆ. ಹಾಳೆಯನ್ನು ಬಿಚ್ಚಿ ಹರಡಿಕೊಂಡು ಬಹಳ ಹೊತ್ತು ನೋಡಿದ ಮೇಲೆ ಅವನೇ ಒಂದು ದಾರಿ ಹೇಳಿದ. ಮೊದಲು ಬರೆದ ಹೆಸರನ್ನು ಹೊಡೆದದ್ದು ತಪ್ಪು ಎಂದು ನಾನು ಒಪ್ಪಿ ಸಹಿ ಹಾಕಬೇಕು. ಮೊದಲಿನ ಹಿಡುವಳಿದಾರ ಖುದ್ದಾಗಿ ಬಂದು, ನೆಲ ನನ್ನದು ಎಂದು ಹೇಳಿ ಬೆರಳೊತ್ತಬೇಕು. ಆಗ ಅದು ಮಾರಾಟವಲ್ಲ, ತಿದ್ದುಪಡಿ. ಬೇರೆ ದಾರಿಯಿಲ್ಲ.

ಅಕ್ಕಾ, ಗುಡಿಸಲಿನಲ್ಲಿ ಮಲಗಿ ಇದನ್ನೇ ಯೋಚಿಸಿದೆ. ಭಾವನ ಹೆಸರಿನಲ್ಲೇ ಇದ್ದಿದ್ದರೆ, ಅವರ ನಂತರ ಅದು ಯಾರಿಗೆ ಬರುತ್ತಿತ್ತು? ಅವರಿಗೆ ಇರುವುದೇ ಒಬ್ಬಳು ಮಗಳು. ದೊರೆಯ ಕಾನೂನು ಎಷ್ಟು ಸುತ್ತು ಹೊಡೆದರೂ ಕೆಲ್ಸುಮಳ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ನಾವು ರಕ್ತ ಎಂದು ಹಿಡಿದುಕೊಂಡೆವು, ಅದೇ ಮನೆಗೆ ಎರವಾಯಿತು. ಬೂದಿ ಎಂದೆವಲ್ಲ, ಅವರೊಬ್ಬರೇ ಮನೆಯನ್ನು ಉಳಿಸುವವರಾಗಿದ್ದರು.

ಭಾವ ಹಳ್ಳದಾಚೆ ಇರುವುದು ನನಗೆ ಗೊತ್ತು. ಯಾರು ಹೇಳಿದರೆಂದು ಕೇಳಬೇಡ. ದೊರೆ ಬರುವ ತಿಂಗಳ ಕೊನೆಗೆ ಪೆರಾಕ್ ಕಡೆಗೆ ಹೋಗುತ್ತಾನೆ. ಅಷ್ಟರೊಳಗೆ ಭಾವ ಬರಬೇಕು. ನಾನು ಬಂದು ಅವರ ಕಾಲು ಹಿಡಿಯಲು ಸಿದ್ಧ. ಆದರೆ ಹೆಸರು ತೆಗೆಸಿದವಳು ನೀನು.

ಜಿದಿನ


ಲೂಬುಕ್ ರೆಂಗಸ್
ಜುಲ್‌ಹಜ್ 20

ಜಿದಿನನಿಗೆ,

ಬಕ್ರೀದಿಗೆ ಮೂರು ದಿನ ಕಳೆದ ಮೇಲೆ ಹೋದೆ. ಹಳ್ಳಕ್ಕೆ ನೀರು ಬಂದಿತ್ತು, ಮರದ ದಿಮ್ಮಿಯ ಸಂಕವನ್ನು ಎರಡೂ ಕೈಯಲ್ಲಿ ಗಳ ಹಿಡಿದು ದಾಟಿದೆ. ವಯಸ್ಸಾಯಿತೆಂದುಕೊಂಡೆ.

ಅವರ ತಂಗಿ ಪುತೇ ಜಗಲಿಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಏಳಲಿಲ್ಲ. ಚಾಪೆ ಹಾಸಲಿಲ್ಲ. "ಏನತ್ತಿಗೆ, ದಾರಿ ತಪ್ಪಿತಾ? ನಿಮ್ಮನೆಗೆ ನಾಲ್ಕು ಕಲ್ಲು ಹಾಕಿಸಿಕೊಂಡ್ರಲ್ಲ, ಅದ್ರಲ್ಲೇ ಒಂದನ್ನ ಗಂಡ ಅಂದ್ಕೊಂಡು ಇರ್ಬೇಕಿತ್ತು" ಎಂದಳು. ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ. ಅವತ್ತು ಗುಮಾಸ್ತ ನಿಂತ ಹಾಗೆ.

ಅವರು ಹಿತ್ತಿಲಿಂದ ಬಂದರು. ಬಡವಾಗಿದ್ದಾರೆ. ಕೆಲ್ಸುಮ್ ಹೇಗಿದ್ದಾಳೆ ಎಂದು ಮೊದಲು ಕೇಳಿದರು. ದಿನಾ ಇವರಿಗೆ ಊಟ ತಂದುಕೊಡುತ್ತಿದ್ದಾಳಂತೆ, ನನಗೆ ತಿಳಿದೇ ಇರಲಿಲ್ಲ. ನಾನು ನಿನ್ನ ಕಾಗದದ ವಿಷಯವನ್ನೆಲ್ಲ ಹೇಳಿದೆ. ಅವ್ವನ ಗೋರಿಯ ವಿಷಯ ಹೇಳಿದೆ. ಕೊನೆಗೆ, "ನಿಮ್ಮ ಹೆಸರು ಬೇಕಾಗಿದೆ" ಎಂದೆ. ಆ ಮಾತು ಬಾಯಿಂದ ಹೊರಗೆ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ, ಪುತೇ ಮೊರವನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೊಡ್ತೀನಿ" ಎಂದರು. "ಗಾಡಿ ಯಾವತ್ತು ಹೊರಡುತ್ತೆ?"

ನನಗೆ ಅಳು ಬಂತು, ಜಿದಿನ. ಇದನ್ನು ಬರೆಯುವಾಗ ಲೆಬೈ ಅವರು ಆಚೆ ನೋಡುತ್ತಿದ್ದಾರೆ. ನಾನು ಹೇಳಿದೆ: "ಮಲಕ್ಕಾದಿಂದ ಬಂದ ಮೇಲೆ ಸೀದಾ ಮನೆಗೇ ಬನ್ನಿ. ನಿಮ್ಮ ಚಾಪೆ ಹಾಸಿಡ್ತೀನಿ."

ಅವರು ಮೆಟ್ಟಿಲಿನ ಮೇಲೆ ಕೂತರು. ನಾನು ಕೆಳಗೆ ನಿಂತೇ ಇದ್ದೆ.

"ಇಂತಾನ್, ಇಪ್ಪತ್ತು ವರ್ಷ ಆ ಮನೇಲಿ ನಂದು ಅಂತ ಏನೂ ಇರ್ಲಿಲ್ಲ. ಅದೇನೂ ಕಷ್ಟ ಅನ್ನಿಸಿರ್ಲಿಲ್ಲ. ನಿನ್ನ ಗಂಡ ಅನ್ನೋದೊಂದಿತ್ತು, ಸಾಕಾಗಿತ್ತು. ಅವತ್ತು ಅಷ್ಟು ಜನರೆದುರು ನೀನು ತೆಗೆದಿದ್ದು ಬರೀ ಕಾಗದದ ಹೆಸರು ಅಂದ್ಕೊಂಡ್ಯಾ?"

ನಾನು ತಲೆವಸ್ತ್ರದ ಅಂಚಿನಿಂದ ಕಣ್ಣು ಒರೆಸಿಕೊಂಡೆ.

"ಈಗ ಬಂದ್ರೆ ನಾನು ಒಡೆಯನಾಗಿ ಬರ್ಬೇಕು. ನಿನ್ನ ಬಳಿಯೋರೆಲ್ಲ ನನ್ನ ನೋಡಿ ಎದ್ದು ನಿಲ್ತಾರೆ, ಹಿಂದಿಂದ ಉಗೀತಾರೆ. ನನ್ನ ನೋಡಿದಾಗೆಲ್ಲ ನಿಂಗೂ ಹೆದರಿಕೆ, ಇವನು ಯಾವಾಗ ಏನು ಮಾಡ್ತಾನೋ ಅಂತ. ಬೇಡ. ಹೆಸರು ಒಯ್ಯಿ. ನನ್ನನ್ನ ಇಲ್ಲಿರೋಕೆ ಬಿಡು."

"ನಾನು ಹೆದರಲ್ಲ" ಎಂದೆ.

"ಅವತ್ತು ಹೆದರಿದ್ದಕ್ಕೆ ತಾನೇ ತೆಗೆಸಿದ್ದು?" ಎಂದರು. ಕಟುವಾಗಿ ಹೇಳಲಿಲ್ಲ. ಆಮೇಲೆ ಸಂಕದವರೆಗೆ ಬಂದು, ನನ್ನನ್ನು ಕೈಹಿಡಿದು ದಾಟಿಸಿ ಹೋದರು.

ಬುಧವಾರದ ಗಾಡಿಗೆ ಅವರು ಬರುತ್ತಾರೆ. ಅವರಿಗೆ ಪೇಟೆಯ ಅನ್ನ ಸೇರುವುದಿಲ್ಲ, ಬುತ್ತಿ ಕಟ್ಟಿ ಕೆಲ್ಸುಮಳ ಕೈಯಲ್ಲಿ ಕೊಟ್ಟಿರುತ್ತೇನೆ. ನಾನು ಕಟ್ಟಿದ್ದೆಂದು ಹೇಳಬೇಡ.

ಇಂತಾನ್


ಮಲಕ್ಕಾ
ಅಕ್ಟೋಬರ್ 30, 1884

ಅಕ್ಕನಿಗೆ,

ಕೆಲಸವಾಯಿತು. ಭಾವ ಕಚೇರಿಯ ಮೆಟ್ಟಿಲ ಬಳಿ ಕೈಕಾಲು ತೊಳೆದು ಮಸೀದಿಗೆ ಹೋಗುವವರ ಹಾಗೆ ಒಳಗೆ ಬಂದರು. ದೊರೆಯ ಮಾತನ್ನು ಅವರಿಗೆ ನಾನೇ ತಿರುಗಿಸಿ ಹೇಳಬೇಕಾಯಿತು.

"ಈ ನೆಲ ನಿಮ್ಮದಾ ಅಂತ ಕೇಳ್ತಿದಾರೆ, ಭಾವ."

ಅವರು ಬಗ್ಗಿ ಹಾಳೆಯನ್ನು ನೋಡಿದರು. "ಹೌದು ಅನ್ನು" ಎಂದರು. "ನೀನೇ ಅನ್ನು. ನನ್ನ ಬಾಯಲ್ಲಿ ಬೇಡ."

ನಾನು ಹೌದು ಎಂದೆ. ಅವರು ಬೆರಳೊತ್ತಿದರು. ಹಾಳೆಯ ಆ ಜಾಗದಲ್ಲಿ ಈಗ ಮೂರು ಹೆಸರಿದೆ. ಮೇಲಿನ ಎರಡಕ್ಕೂ ಗೆರೆ ಹೊಡೆದಿದೆ, ಕೆಳಗಿನದು ಮತ್ತೆ ಅವರದೇ.

ತಪ್ಪು ಒಪ್ಪಿಕೊಂಡದ್ದಕ್ಕೆ ನನ್ನ ದುಭಾಷಿ ಕೆಲಸ ಹೋಯಿತು. ಪೂರಾ ತೆಗೆದಿಲ್ಲ, ಸರಪಳಿ ಎಳೆಯುವವರ ಜೊತೆ ಸೇರಿಸಿದ್ದಾರೆ. ನಾಡಿದ್ದು ಹಡಗು, ಪೆರಾಕಿಗೆ. ಅಲ್ಲಿಯೂ ಯಾರದೋ ಅಂಗಳಕ್ಕೆ ಗೂಟ ಹೊಡೆಯಬೇಕು. ರೊಕಿಯಾಳಿಗೆ ಹೇಳಿ ಕಳಿಸಿದ್ದೇನೆ, ಒಂದು ಗುಡಿಸಲು ಮಾಡಿಕೊಂಡು ಕರೆಸಿಕೊಳ್ಳುತ್ತೇನೆಂದು. ಮಗುವಿನ ಒಂದು ಅಂಗಿ ಕಳಿಸಿದ್ದಾಳೆ. ಅದು ಹೌದೋ, ಅಲ್ಲವೋ, ನನಗೆ ತಿಳಿಯಲಿಲ್ಲ.

ಭಾವ ಗಾಡಿ ಹತ್ತುವ ಮೊದಲು ಬುತ್ತಿ ಬಿಚ್ಚಿ ಅರ್ಧ ನನಗೆ ಕೊಟ್ಟರು. "ಇದು ಕೆಲ್ಸುಮ್ ಕಟ್ಟಿದ್ದಲ್ಲ" ಎಂದಷ್ಟೇ ಹೇಳಿದರು. ನಾನು ಏನೂ ಹೇಳಲಿಲ್ಲ ಅಕ್ಕಾ, ನಿನ್ನಾಣೆ.

ಜಿದಿನ


ಲೂಬುಕ್ ರೆಂಗಸ್
ಹಿಜರಿ 1302, ರಬಿಲಾಖರ್ 3

ಜಿದಿನನಿಗೆ, ಎಲ್ಲಿದ್ದೀಯೋ ಅಲ್ಲಿಗೆ.

ಪೆರಾಕಿನ ವಿಳಾಸ ಹಡಗಿನವರಿಗೆ ಗೊತ್ತಾಗುತ್ತದೆಂದು ಲೆಬೈ ಹೇಳಿದ್ದಾರೆ, ನಂಬಿ ಬರೆಸುತ್ತಿದ್ದೇನೆ. ಭತ್ತ ಚೆನ್ನಾಗಿ ಬಂತು. ಗುಡ್ಡಕ್ಕೆ ಯಾರೂ ಹತ್ತಿಲ್ಲ. ಕೆಲ್ಸುಮಳ ಮದುವೆಯಾಯಿತು, ಹುಡುಗ ಚಾಪೆ ತೆಗೆದುಕೊಂಡು ಬಂದಿದ್ದಾನೆ. ಮೆಟ್ಟಿಲು ಹತ್ತುವಾಗಲೂ ಸದ್ದು ಮಾಡುವುದಿಲ್ಲ. ಅವನಿಗೆ ಮೊದಲು ಬಡಿಸು ಎಂದು ಕೆಲ್ಸುಮ್‌ಗೆ ಹೇಳಿದ್ದೇನೆ. ಮದುವೆಯ ದಿನ ಅವಳ ಅಪ್ಪ ಬಂದು, ಪ್ರಾರ್ಥನೆಯಲ್ಲಿ ಕೂತು, ಊಟ ಮಾಡಿ, ಎಲ್ಲ ನೆಂಟರ ಹಾಗೆ ಸಂಜೆ ಎದ್ದು ಹೋದರು.

ನಿನ್ನೆ ಕಚೇರಿಯ ಪೇದೆಯೊಬ್ಬ ಬಂದಿದ್ದ. ಹೊಸಬ, ನಮ್ಮ ಕಡೆಯವನಲ್ಲ. ಕೈಯಲ್ಲಿ ಮೊಹರು ಹಾಕಿದ ನೆಲದ ಪಟ್ಟೆ.

"ಸುಲೋಂಗ್ ಅನ್ನೋರ ಮನೆ ಇದೇನಾ?"

ನಾನು ಒಲೆಯ ಹತ್ತಿರ ಇದ್ದವಳು ಹೊರಗೆ ಬಂದೆ. "ಹೌದು" ಎಂದೆ.

"ಇದಾರಾ?"

ಹಳ್ಳದಾಚೆ ಇದ್ದಾರೆ ಎಂದರೆ, ಹಾಗಾದರೆ ಇಲ್ಲಿರುವವರು ಯಾರು ಎಂದು ಕೇಳುತ್ತಾನೆ. ಮತ್ತೆ ಬರೆದುಕೊಳ್ಳುತ್ತಾನೆ. "ಗದ್ದೆಗೆ ಹೋಗಿದಾರೆ" ಎಂದೆ.

"ಅವರ ಕೈಗೇ ಕೊಡಬೇಕಂತ ಅಪ್ಪಣೆ ಆಗಿದೆ. ಪರವಾಗಿಲ್ಲ, ಬರೋವರೆಗೂ ಇರ್ತೀನಿ."

ಜಗಲಿಯಲ್ಲಿ ಚಾಪೆ ಹಾಸಿ ಕೊಟ್ಟೆ. ಅಡಕೆ ತಟ್ಟೆ ಇಟ್ಟೆ. ಅವನು ಗೋಡೆಗೆ ಒರಗಿ ಅಡಕೆ ಅಗಿಯುತ್ತ ಗದ್ದೆಯ ದಾರಿಯನ್ನು ನೋಡತೊಡಗಿದ. ಕೆಲ್ಸುಮ್ ಬಾಗಿಲ ಸಂದಿಯಿಂದ, ಅಪ್ಪನನ್ನು ಕರೆಯಲು ಹಳ್ಳದಾಚೆ ಓಡಲೇ ಎಂಬ ಹಾಗೆ ನನ್ನನ್ನು ನೋಡಿದಳು, ನಾನು ಕಣ್ಣಲ್ಲೇ ಬೇಡವೆಂದೆ.

"ತಡ ಆಗುತ್ತಾ ಅವರು?" ಎಂದು ಕೇಳಿದ.

"ಬರೋ ಹೊತ್ತಾಯ್ತು" ಎಂದು ಹೇಳಿ ನಾನೂ ಕಂಬದ ಪಕ್ಕ ಕೂತೆ. ಬಿಸಿಲು ಇಳಿಯಿತು. ಎಮ್ಮೆಗಳು ತಾವಾಗಿಯೇ ಮನೆಗೆ ಬಂದವು. ದಾರಿಯಲ್ಲಿ ಯಾರಾದರೂ ಕಂಡಾಗಲೆಲ್ಲ ಅವನು ನೆಟ್ಟಗೆ ಕೂರುತ್ತಿದ್ದ. ನಾನೂ.

ಇಂತಾನ್